ನಿನ್ನೆಯ ಕಿರ್ದಿ

ಮಕ್ಕಳೇ, ಈ ಪುಟವನ್ನು ಮಕ್ಕಳಿಗೆ ಓದಿ ಹೇಳುವ ಅಜ್ಜ-ಅಜ್ಜಿಯರೇ,

ಹೋದ ತಿಂಗಳು ಬೀದರಿನ ನಮ್ಮ ಮನೆಯಲ್ಲಿ ಒಂದು ಬೆಕ್ಕು ಹಾಲು ಕುಡಿಯಿತು. ಬೆಕ್ಕು ಹಾಲು ಕುಡಿದದ್ದು ಸುದ್ದಿಯಲ್ಲ ಬಿಡಿ. ನಾಲ್ಕನೇ ತರಗತಿಯ ನನ್ನ ಮೊಮ್ಮಗಳು ಅದನ್ನು ಇಂಗ್ಲಿಷಿನಲ್ಲಿ ಹೇಳಿದ್ದು ಸುದ್ದಿ. ಅಡುಗೆಮನೆಯಿಂದ ಓಡಿ ಬಂದು, ‘ಮುತ್ಯಾ, ದಿ ಕ್ಯಾಟ್ ಡ್ರಿಂಕ್ಡ್ ದಿ ಮಿಲ್ಕ್!’ ಅಂದಳು. ಅಲ್ಲೇ ಕೂತಿದ್ದ ಅವಳ ಅಣ್ಣ, ಎಂಟನೇ ತರಗತಿಯವ, ಹೊಟ್ಟೆ ಹಿಡಿದುಕೊಂಡು ನಕ್ಕ. ‘ಡ್ರಿಂಕ್ಡ್ ಅಂತ ಡ್ರಿಂಕ್ಡ್! ಡ್ರ್ಯಾಂಕ್ ಅನ್ನಬೇಕು, ದಡ್ಡಿ.’ ಹುಡುಗಿ ಮುಖ ಸಣ್ಣದು ಮಾಡಿಕೊಂಡು ಒಳಗೆ ಹೋದಳು. ರಾತ್ರಿ ಊಟದ ತನಕ ಅವಳ ಬಾಯಿಂದ ಒಂದೇ ಒಂದು ಇಂಗ್ಲಿಷ್ ಪದ ಬರಲಿಲ್ಲ.

ಊಟಕ್ಕೆ ಕೂತಾಗ ನನ್ನ ಹೆಂಡತಿ ಮೊಮ್ಮಗನಿಗೆ ಹೇಳಿದಳು: ‘ತಂಗಿಗಿ ನಗ್ತೀಯಲ್ಲ, ಮೂರು ವರ್ಷದವ ಇದ್ದಾಗ ನೀ ಏನಂತಿದ್ದಿ ಗೊತ್ತದೇನು? “ಆಯಿ, ನಾ ರೊಟ್ಟಿ ತಿನ್ನಿದೆ”, “ಕಾಕಾ ಬರಿದ” ಅಂತಿದ್ದಿ. ನಾವೂ ನಕ್ಕೀವಿ ಖರೆ. ಆದ್ರ ನಿನಗ ಎತ್ತಿಕೊಂಡು ನಕ್ಕೀವಿ.’

ಹುಡುಗ ರೊಟ್ಟಿ ಮುರಿಯುತ್ತಾ ಸುಮ್ಮನೆ ಕೂತ. ನಾನೂ ಸುಮ್ಮನೆ ಕೂತೆ. ನಮ್ಮಾಕೆ ಏಳನೇ ತರಗತಿ ದಾಟಿದವಳಲ್ಲ, ಇಂಗ್ಲಿಷ್ ಓದಲು ಬರುವುದಿಲ್ಲ. ಆದರೆ ಆ ಒಂದು ಮಾತಿನಲ್ಲಿ ವ್ಯಾಕರಣದ ಒಂದು ಇಡೀ ಪಾಠ ಇತ್ತು.

ನೀವೇ ನೋಡಿ. ನೋಡು–ನೋಡಿದ, ಮಾಡು–ಮಾಡಿದ, ಓಡು–ಓಡಿದ. ಇಷ್ಟು ಕೇಳಿದ ಮೂರು ವರ್ಷದ ಮಗು ತನ್ನಷ್ಟಕ್ಕೆ ತಾನೇ ಒಂದು ಸೂತ್ರ ಕಟ್ಟಿಕೊಳ್ಳುತ್ತದೆ: ಹಿಂದೆ ‘ಇದ’ ಹಚ್ಚಿದರೆ ಆಯಿತು, ಅದು ನಿನ್ನೆಯ ಮಾತು. ಆ ಸೂತ್ರದ ಪ್ರಕಾರ ‘ತಿನ್ನಿದ’ ಸರಿ, ‘ಬರಿದ’ ಸರಿ. ತಿಂದ, ಬಂದ ಅಂತ ಅನ್ನುವ ನಾವು ದೊಡ್ಡವರೇ ಸೊಟ್ಟ. ಇಂಗ್ಲಿಷಿನಲ್ಲೂ ಇಷ್ಟೇ ಕಥೆ. ಪ್ಲೇ–ಪ್ಲೇಡ್, ಕ್ಲೀನ್–ಕ್ಲೀನ್ಡ್ ಅಂತ ಕಲಿತ ಹುಡುಗಿ ‘ಡ್ರಿಂಕ್ಡ್’ ಅಂದರೆ ಅವಳು ಬಾಯಿಪಾಠ ಮಾಡಿಲ್ಲ, ಲೆಕ್ಕ ಹಾಕಿದ್ದಾಳೆ ಅಂತ ಅರ್ಥ. ಲೆಕ್ಕದ ಮೆಟ್ಟಿಲು ಸರಿ ಇದೆ, ಉತ್ತರ ಮಾತ್ರ ತಪ್ಪು. ಬ್ಯಾಂಕಿನಲ್ಲಿ ಮೂವತ್ತೇಳು ವರ್ಷ ಕೂಡಿಸಿ ಕಳೆದವನಿಗೆ ಈ ಎರಡರ ನಡುವಿನ ಅಂತರ ಚೆನ್ನಾಗಿ ಗೊತ್ತು.

ಇದನ್ನು ಪರೀಕ್ಷೆ ಮಾಡಿ ತೋರಿಸಿದವರೂ ಇದ್ದಾರೆ. 1958ರಲ್ಲಿ ಅಮೆರಿಕದ ಜೀನ್ ಬರ್ಕೊ ಅನ್ನುವ ವಿದುಷಿ ಚಿಕ್ಕ ಮಕ್ಕಳ ಮುಂದೆ ಚಿತ್ರಗಳನ್ನಿಟ್ಟು, ಅವು ಎಂದೂ ಕೇಳಿರದ ಪದಗಳನ್ನು ಹೇಳಿದರು. ಈ ಮನುಷ್ಯನಿಗೆ ‘ರಿಕ್’ ಮಾಡಲು ಬರುತ್ತದೆ, ನಿನ್ನೆಯೂ ಅದನ್ನೇ ಮಾಡಿದ, ಹಾಗಾದರೆ ನಿನ್ನೆ ಅವನು ಏನು ಮಾಡಿದ ಅಂತ ಕೇಳಿದರು. ಮಕ್ಕಳು ‘ರಿಕ್ಟ್’ ಅಂದವು. ಹುಟ್ಟಿದಾಗಿನಿಂದ ಯಾರ ಬಾಯಲ್ಲೂ ಕೇಳದ ಪದಕ್ಕೆ ಭೂತಕಾಲ ಕೊಟ್ಟವು! ಅಜ್ಜ-ಅಜ್ಜಿಯರು ಇದನ್ನು ಇವತ್ತೇ ಕನ್ನಡದಲ್ಲಿ ಮಾಡಿ ನೋಡಬಹುದು. ‘ನಮ್ಮ ನಾಯಿ ದಿನಾ ಗುಳುಂಬುತ್ತದೆ. ನಿನ್ನೆಯೂ ಅದನ್ನೇ ಮಾಡಿತು. ಹಾಗಾದರೆ ನಿನ್ನೆ ಅದು ಏನು ಮಾಡಿತು?’ ಮೊಮ್ಮಕ್ಕಳು ‘ಗುಳುಂಬಿತು’ ಅನ್ನದಿದ್ದರೆ ನನಗೊಂದು ಕಾರ್ಡು ಬರೆಯಿರಿ.

ಇಂಗ್ಲಿಷಿನ ಸೊಟ್ಟ ಪದಗಳಿಗೆ ಹೆದರುವ ಮಕ್ಕಳಿಗೆ ನಾನು ಮೊದಲು ಕೊಡುವ ಔಷಧ ಕನ್ನಡದ ಸೊಟ್ಟ ಪದಗಳೇ. ಕೊಡು–ಕೊಟ್ಟ, ಇಡು–ಇಟ್ಟ, ಬಿಡು–ಬಿಟ್ಟ. ನಗು–ನಕ್ಕ, ಸಿಗು–ಸಿಕ್ಕ. ಬೀಳು–ಬಿದ್ದ, ಏಳು–ಎದ್ದ. ಹೋಗು ಅನ್ನುವುದರ ‘ಗು’ ನಡುದಾರಿಯಲ್ಲಿ ಕಳೆದುಹೋಗಿ ‘ಹೋದ’ ಆಗುತ್ತದೆ. ಇವನ್ನು ನಮಗೆ ಯಾರೂ ಪಟ್ಟಿ ಮಾಡಿ ಕಲಿಸಲಿಲ್ಲ. ಆಡಿ ಆಡಿ ಬಂದವು. ಇಂಗ್ಲಿಷಿನಲ್ಲಿ ಅತಿ ಹೆಚ್ಚು ಬಳಕೆಯಾಗುವ ಹತ್ತು ಕ್ರಿಯಾಪದ ತೆಗೆದರೆ ಹತ್ತೂ ಸೊಟ್ಟ: ಬಿ, ಹ್ಯಾವ್, ಡೂ, ಸೇ, ಗೋ, ಗೆಟ್, ಮೇಕ್ ಈ ಜಾತಿಯವೇ. ಇವು ಸೊಟ್ಟಗೇ ಉಳಿದದ್ದಕ್ಕೂ ಬಳಕೆಯೇ ಕಾರಣ. ದಿನಾ ನೂರು ಸಲ ಆಡುವ ಮಾತನ್ನು ಯಾರೂ ಮರೆಯುವುದಿಲ್ಲ, ಮರೆಯದಿದ್ದರೆ ಸೂತ್ರಕ್ಕೆ ತಂದು ನೆಟ್ಟಗೆ ಮಾಡುವ ಗರಜೂ ಬೀಳುವುದಿಲ್ಲ.

ನನಗೆ ಈ ವಿಷಯದಲ್ಲಿ ಇಷ್ಟು ಕಾಳಜಿ ಯಾಕೆ ಅಂತ ಹೇಳಿಬಿಡುತ್ತೇನೆ. ನಮ್ಮ ಕಾಲದಲ್ಲಿ ಐದನೇ ತರಗತಿಯಲ್ಲಿ ಎಬಿಸಿಡಿ. (ಸರ್ಕಾರಿ ಶಾಲೆಗಳಲ್ಲಿ ಒಂದನೇ ತರಗತಿಯಿಂದ ಇಂಗ್ಲಿಷ್ ಬಂದದ್ದು 2007ರಿಂದ ಈಚೆಗೆ.) ನಮ್ಮಪ್ಪ ನಿಜಾಮರ ಕಾಲದಲ್ಲಿ ಉರ್ದುವಿನಲ್ಲಿ ಓದಿದವರು. ಮನೆಯಲ್ಲಿ ಕನ್ನಡ, ಓಣಿಯಲ್ಲಿ ದಖನಿ, ಸಂತೆಯಲ್ಲಿ ಮರಾಠಿ. ಇಂಗ್ಲಿಷ್ ಮಾತ್ರ ಪುಸ್ತಕದಲ್ಲಿ. ಹಾಗೂ ಹೀಗೂ ಬಿ.ಕಾಂ. ಮುಗಿಸಿ 1975ರಲ್ಲಿ ಬ್ಯಾಂಕು ಸೇರಿದೆ. ಯಾವ ಬ್ಯಾಂಕು, ಯಾವ ಶಾಖೆ ಅಂತ ಕೇಳಬೇಡಿ. ಸೇರಿದ ಎರಡನೇ ತಿಂಗಳಲ್ಲಿ ಮೇಲಿನ ಕಚೇರಿಗೆ ಒಂದು ಪತ್ರ ಬರೆಯಲು ಹೇಳಿದರು. ಹಣದ ಪೆಟ್ಟಿಗೆ ಬಂದಿರಲಿಲ್ಲ. ನಾನು ‘ವಿ ಡಿಡ್ ನಾಟ್ ರಿಸೀವ್ಡ್’ ಅಂತ ಬರೆದೆ. ಮೇಲಧಿಕಾರಿ ‘ರಿಸೀವ್ಡ್’ ಪದಕ್ಕೆ ಕೆಂಪು ಶಾಯಿಯಲ್ಲಿ ಸುತ್ತು ಹಾಕಿ, ಗಿರಾಕಿಗಳು ನಿಂತಿರುವಾಗಲೇ ಗಟ್ಟಿಯಾಗಿ ಓದಿದರು. ‘ಪದವೀಧರರು!’ ಅಂದರು. ಎಲ್ಲರೂ ನಕ್ಕರು. ಶೇಂಗಾ ಮಾರಿದ ದುಡ್ಡು ಜಮಾ ಮಾಡಲು ಬಂದಿದ್ದ ಒಬ್ಬ ರೈತ ಮಾತ್ರ ನಗಲಿಲ್ಲ, ಏನಾಯಿತೆಂದು ಅವನಿಗೆ ತಿಳಿಯಲಿಲ್ಲ. ಆಮೇಲೆ ಏಳೆಂಟು ವರ್ಷ ನಾನು ಇಂಗ್ಲಿಷಿನಲ್ಲಿ ಬಾಯಿ ಬಿಡಲಿಲ್ಲ. ಭಡ್ತಿಯ ಸಂದರ್ಶನಕ್ಕೆ ಎರಡು ಸಲ ಕರೆ ಬಂತು, ಎರಡು ಸಲವೂ ಹೊಟ್ಟೆನೋವೆಂದು ರಜೆ ಹಾಕಿದೆ. ಗುಮಾಸ್ತನಾಗಿ ಸೇರಿದೆ, ಗುಮಾಸ್ತನಾಗಿಯೇ ನಿವೃತ್ತನಾದೆ. ಮೊಮ್ಮಗಳು ಮುಖ ಸಣ್ಣದು ಮಾಡಿಕೊಂಡು ಒಳಗೆ ಹೋದಾಗ ನನಗೆ ಆ ಕೆಂಪು ಸುತ್ತು ಕಂಡಿತು.

ಮರುದಿನವೇ ಒಂದು ಆಟ ಶುರು ಮಾಡಿದೆ. ಹೆಸರು ‘ನಿನ್ನೆಯ ಕಿರ್ದಿ’. ಅಂಗಡಿಯವರು ಅವತ್ತಿನ ವ್ಯವಹಾರ ಅವತ್ತೇ ಬರೆದಿಡುವ ಪುಸ್ತಕ ಕಿರ್ದಿ. ನಮ್ಮ ಕಿರ್ದಿಯಲ್ಲಿ ಎಡಗಡೆ ‘ಬಂದದ್ದು’, ಬಲಗಡೆ ‘ಹೋದದ್ದು’. ನಿನ್ನೆ ನನಗೆ ಏನು ಸಿಕ್ಕಿತು, ಏನು ಕಂಡೆ, ಏನು ತಿಂದೆ, ಇವೆಲ್ಲ ಎಡಕ್ಕೆ. ಏನು ಕೊಟ್ಟೆ, ಏನು ಕಳೆದೆ, ಏನು ಮುರಿದೆ, ಇವೆಲ್ಲ ಬಲಕ್ಕೆ. ಒಂದೊಂದು ಕಡೆ ಮೂರು ಮೂರು ಸಾಲು, ಇಂಗ್ಲಿಷಿನಲ್ಲಿ. ‘ಐ ಗಾಟ್ ಎ ಪೆನ್ಸಿಲ್.’ ‘ಐ ಸಾ ಎ ಮಂಕಿ.’ ‘ಐ ಲಾಸ್ಟ್ ಮೈ ಟಿಫಿನ್ ಬಾಕ್ಸ್.’ ನಿಯಮ ಒಂದೇ, ಸುಳ್ಳು ಬರೆಯಬಾರದು. ತಪ್ಪು ಬರೆಯಬಹುದು.

ತಪ್ಪಿಗೆ ಕೆಂಪು ಶಾಯಿ ಇಲ್ಲ. ತಿದ್ದುವ ರೀತಿ ಬೇರೆ. ‘ದಿ ಕ್ಯಾಟ್ ಡ್ರಿಂಕ್ಡ್’ ಅಂತ ಬರೆದರೆ ನಾನು ಆಶ್ಚರ್ಯಪಟ್ಟು ಕೇಳುತ್ತೇನೆ, ‘ಹೌದಾ! ದಿ ಕ್ಯಾಟ್ ಡ್ರ್ಯಾಂಕ್ ದಿ ಮಿಲ್ಕ್? ಎಲ್ಲಾ ಹಾಲೂ ಡ್ರ್ಯಾಂಕ್?’ ಅವಳು ‘ಹೌದು ಮುತ್ಯಾ, ಎಲ್ಲಾ ಡ್ರ್ಯಾಂಕ್’ ಅನ್ನುತ್ತಾಳೆ. ಸರಿಯಾದ ಪದ ಅವಳ ಕಿವಿಗೂ ಬಿತ್ತು, ಬಾಯಿಗೂ ಬಂತು, ಮುಖ ಮಾತ್ರ ಸಣ್ಣದಾಗಲಿಲ್ಲ.

ಈ ಆಟವನ್ನು ಮನೆಯಿಂದ ಶಾಲೆಗೆ ಒಯ್ದವಳು ನನ್ನ ಮಗಳು. ಅವಳು ಭಾಲ್ಕಿ ತಾಲೂಕಿನ ಒಂದು ಸರ್ಕಾರಿ ಶಾಲೆಯಲ್ಲಿ ಶಿಕ್ಷಕಿ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಹುಟ್ಟಿ ರಾಜ್ಯದ ತುಂಬ ಹಬ್ಬಿದ ನಲಿ-ಕಲಿ ತರಗತಿಯಲ್ಲಿ ವರ್ಷಗಟ್ಟಲೆ ಪಳಗಿದವಳು. ಆಟವಿಲ್ಲದ ಪಾಠ ಅವಳಿಗೆ ಸೇರುವುದಿಲ್ಲ. ‘ಅಪ್ಪಾ, ನೀವೇ ಬಂದು ಆಡಸ್ರಿ’ ಅಂದಳು. ಅಲ್ಲಿಂದ ಶನಿವಾರ ಬೆಳಿಗ್ಗೆ ನಾನು ಭಾಲ್ಕಿ ಬಸ್ಸಿನ ಗಿರಾಕಿಯಾದೆ.

ಭಾಲ್ಕಿ ಅಂದರೆ ಭಾಷೆಯ ವಿಷಯದಲ್ಲಿ ಸಾಮಾನ್ಯ ಊರಲ್ಲ. ನಿಜಾಮರ ಆಳ್ವಿಕೆಯಲ್ಲಿ ಕನ್ನಡ ಶಾಲೆ ನಡೆಸುವುದು ಕಷ್ಟವಾದಾಗ, ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದ ಊರು ಅದು. ಆ ಊರಿನ ಮಕ್ಕಳಿಗೆ ನಾನು ಕನ್ನಡದ ಬೆನ್ನೇರಿಸಿ ಇಂಗ್ಲಿಷ್ ಕಲಿಸಲು ಹೊರಟೆ.

ಮೊದಲ ಶನಿವಾರ ಗಂಟಲಿನ ಆಟ. ನಮ್ಮ ಕಡೆ ಮಕ್ಕಳು, ಮಕ್ಕಳೇನು ಬಂತು ದೊಡ್ಡವರೂ, ‘ವಾಕೆಡ್, ವಾಶೆಡ್, ಹೆಲ್ಪೆಡ್’ ಅನ್ನುತ್ತಾರೆ. ಇಂಗ್ಲಿಷಿನ ಈ ‘ಇಡಿ’ ಬಾಲಕ್ಕೆ ಮೂರು ಧ್ವನಿ: ಟ್, ಡ್, ಇಡ್. ವಾಕ್ಟ್, ಪ್ಲೇಡ್, ವಾಂಟೆಡ್. ಎಲ್ಲಿ ಯಾವುದು ಅಂತ ತಿಳಿಯಲು ಇಂಗ್ಲಿಷರ ಹತ್ತಿರ ಹೋಗಬೇಕಾಗಿಲ್ಲ, ನಮ್ಮ ವರ್ಣಮಾಲೆಯೇ ಹೇಳಿಕೊಡುತ್ತದೆ. ಗಂಟಲ ಮೇಲೆ ಕೈ ಇಟ್ಟುಕೊಂಡು ಕ್, ಚ್, ಪ್ ಅನ್ನಿ. ಗಂಟಲು ನಡುಗುವುದಿಲ್ಲ. ಗ್, ಜ್, ಬ್ ಅನ್ನಿ. ನಡುಗುತ್ತದೆ. ಕ್ರಿಯಾಪದದ ಕೊನೆಯ ಧ್ವನಿಯಲ್ಲಿ ಗಂಟಲು ನಡುಗದಿದ್ದರೆ ‘ಟ್’: ಕುಕ್ಟ್, ಹೆಲ್ಪ್ಟ್, ವಾಚ್ಟ್, ವಾಶ್ಟ್, ಲಾಫ್ಟ್. ನಡುಗಿದರೆ ‘ಡ್’: ಓಪನ್ಡ್, ಕಾಲ್ಡ್, ಕ್ಲೋಜ್ಡ್, ಪ್ಲೇಡ್. ಪದ ಆಗಲೇ ಟ್ ಅಥವಾ ಡ್‌ನಲ್ಲಿ ಮುಗಿದಿದ್ದರೆ ಒಂದರ ಬೆನ್ನಿಗೊಂದು ಹೇಳಲು ಆಗುವುದಿಲ್ಲವಲ್ಲ, ಅದಕ್ಕೇ ನಡುವೆ ಒಂದು ‘ಇ’ ಸೇರಿಸಿ ‘ಇಡ್’: ವಾಂಟೆಡ್, ನೀಡೆಡ್, ಕೌಂಟೆಡ್. ಕ-ಗ, ಚ-ಜ, ಪ-ಬ ಅಂತ ಜೋಡಿ ಜೋಡಿಯಾಗಿ ಓದಿಕೊಂಡು ಬೆಳೆದ ಮಕ್ಕಳಿಗೆ ಇದು ಐದು ನಿಮಿಷದ ಕೆಲಸ. ತರಗತಿಯ ಮೂರು ಮೂಲೆಗೆ ಮೂರು ಧ್ವನಿಯ ಹೆಸರಿಟ್ಟೆವು. ನಾನು ‘ಜಂಪ್!’ ಅಂದೆ. ಮೂವತ್ತು ಕೈ ಮೂವತ್ತು ಗಂಟಲ ಮೇಲೆ, ಆಮೇಲೆ ‘ಟ್’ ಮೂಲೆಗೆ ಓಟ. ನೆಲ ಅಲುಗಾಡಿತು. ಪಕ್ಕದ ಕೋಣೆಯ ಮಾಸ್ತರರು ಬಂದು ಇಣುಕಿ ಹೋದರು. ಹೋಗುವಾಗ ಅವರ ಕೈಯೂ ಗಂಟಲ ಮೇಲೆ ಇತ್ತು.

ಎರಡನೇ ಶನಿವಾರ ಬ್ಯಾಂಕಿನ ಆಟ. ಇದು ನನ್ನ ಸ್ವಂತ ಸಂಶೋಧನೆ, ಸ್ವಲ್ಪ ಜಂಬ ಕ್ಷಮಿಸಬೇಕು. ಬ್ಯಾಂಕಿನ ಮೇಜಿನ ಮೇಲಿನ ರಬ್ಬರ್ ಸೀಲುಗಳನ್ನು ನೆನಪಿಸಿಕೊಳ್ಳಿ: ರಿಸೀವ್ಡ್, ಕ್ಯಾನ್ಸಲ್ಡ್, ಟ್ರಾನ್ಸ್‌ಫರ್ಡ್, ಪೇಯ್ಡ್. ಎಲ್ಲವೂ ಆಗಿಹೋದ ಕೆಲಸ. (ವ್ಯಾಕರಣ ಬಲ್ಲವರು ಅಲ್ಲಿ ಅದು ಪಾಸ್ಟ್ ಪಾರ್ಟಿಸಿಪಲ್ ಅಂತ ಹಿಡಿಯುತ್ತಾರೆ. ಸರಿ, ಆದರೆ ಈ ಪದಗಳಲ್ಲಿ ರೂಪ ಎರಡಕ್ಕೂ ಒಂದೇ.) ಆಲೂಗಡ್ಡೆಯನ್ನು ಅರ್ಧ ಕತ್ತರಿಸಿ, ಅದರಲ್ಲಿ ಇ, ಡಿ ಎರಡು ಅಕ್ಷರ ಕೊರೆದು ಸೀಲು ಮಾಡಿದೆವು. ಅಕ್ಷರ ತಿರುವಿ ಕೊರೆಯಬೇಕು ಅನ್ನುವುದು ಎರಡು ಆಲೂಗಡ್ಡೆ ಹಾಳಾದ ಮೇಲೆ ಗೊತ್ತಾಯಿತು. ಕೊರೆಯುವ ಕೆಲಸ ದೊಡ್ಡವರದು, ಮಕ್ಕಳ ಕೈಗೆ ಚಾಕು ಕೊಡಬೇಡಿ. ಪ್ರತಿ ಮಗುವಿಗೂ ಕ್ರಿಯಾಪದ ಬರೆದ ಒಂದು ಚೀಟಿ, ಅದೇ ಚೆಕ್ಕು. ಕೌಂಟರಿನಲ್ಲಿ ಕೂತ ಗುಮಾಸ್ತೆ, ಅವಳು ಐದನೇ ತರಗತಿಯವಳು, ಚೀಟಿ ನೋಡಿ ‘ಇಡಿ’ ಸೀಲು ಹೊಡೆಯಬಹುದಾದರೆ ಹೊಡೆಯಬೇಕು. ಸೀಲು ಒಪ್ಪದ ಪದವಾದರೆ ‘ಮ್ಯಾನೇಜರ್’ ಹತ್ತಿರ ಕಳಿಸಬೇಕು. ಮ್ಯಾನೇಜರ್ ಅದರ ಭೂತರೂಪವನ್ನು ಕೈಯಾರೆ ಬರೆದು ಸಹಿ ಮಾಡಬೇಕು. ‘ಬೈ’ ಅನ್ನುವುದಕ್ಕೆ ಗುಮಾಸ್ತೆ ಸೀಲು ಹೊಡೆದುಬಿಟ್ಟಳು. ಗಿರಾಕಿ ಕೂಗಿದ, ‘ಚೆಕ್ ಬೌನ್ಸ್ ಆಯ್ತ್ರೀ!’ ಗುಮಾಸ್ತೆಯೂ ನಕ್ಕಳು. ‘ಬಾಟ್’ ಅಂತ ಮ್ಯಾನೇಜರ್ ಬರೆದ.

ಅವತ್ತೇ ಮಕ್ಕಳು ಸೊಟ್ಟ ಪದಗಳಲ್ಲೂ ಓಣಿಗಳಿವೆ ಅಂತ ಕಂಡುಹಿಡಿದರು. ಲೆಂಡ್–ಲೆಂಟ್, ಸ್ಪೆಂಡ್–ಸ್ಪೆಂಟ್, ಸೆಂಡ್–ಸೆಂಟ್, ಎಲ್ಲಾ ದುಡ್ಡಿನ ಓಣಿ. ಸಿಂಗ್–ಸ್ಯಾಂಗ್, ರಿಂಗ್–ರ್‍ಯಾಂಗ್, ಡ್ರಿಂಕ್–ಡ್ರ್ಯಾಂಕ್ ಇನ್ನೊಂದು ಓಣಿ. ಕಟ್, ಪುಟ್, ಹಿಟ್, ಶಟ್ ಇವು ನಿನ್ನೆಯೂ ಅವೇ, ಇವತ್ತೂ ಅವೇ. ವ್ಯವಹಾರವಿಲ್ಲದ ಹಳೆ ಉಳಿತಾಯ ಖಾತೆಗಳಿದ್ದ ಹಾಗೆ. ಒಬ್ಬ ಹುಡುಗ ಕೇಳಿದ, ‘ಗೋ ಅನ್ನೋದಕ ವೆಂಟ್ ಹ್ಯಾಂಗ್ ಬಂತ್ರಿ? ಒಂದಕ್ಷರನೂ ಕೂಡಂಗಿಲ್ಲಲ್ರಿ.’ ಒಳ್ಳೆಯ ಪ್ರಶ್ನೆ. ‘ಗೋ’ ಪದಕ್ಕೆ ಬಹಳ ಹಿಂದೆ ಬೇರೊಂದು ಭೂತರೂಪ ಇತ್ತು. ಅದು ಬಳಕೆ ತಪ್ಪಿ ಹೋಯಿತು. ದಾರಿ ಹಿಡಿದು ಸಾಗು ಅನ್ನುವ ಅರ್ಥದ ‘ವೆಂಡ್’ ಅಂತ ಇನ್ನೊಂದು ಪದ. ಲೆಂಡ್–ಲೆಂಟ್ ಹಾಗೆ ಅದರದು ವೆಂಡ್–ವೆಂಟ್. ಆ ವೆಂಟ್ ಬಂದು ಗೋ ಮನೆಯ ಖಾಲಿ ಜಾಗದಲ್ಲಿ ಕೂತಿತು. ‘ಅಂದ್ರ ದತ್ತಕ ಬಂದದ’ ಅಂದ ಹುಡುಗ. ನಾನು ಇಪ್ಪತ್ತು ನಿಮಿಷದಲ್ಲಿ ಹೇಳಿದ್ದನ್ನು ಅವನು ಎರಡು ಪದದಲ್ಲಿ ಹೇಳಿದ.

ಇನ್ನು ನನ್ನನ್ನು ಕೆಡವಿದ ‘ಡಿಡ್ ನಾಟ್ ರಿಸೀವ್ಡ್’. ಇದಕ್ಕೆ ಮದ್ದು ಕನ್ನಡದಲ್ಲೇ ಇತ್ತು, ನನಗೆ ಕಂಡದ್ದು ಮಾತ್ರ ಎಪ್ಪತ್ತು ದಾಟಿದ ಮೇಲೆ. ‘ಹೋದ’ ಅನ್ನುವುದಕ್ಕೆ ಇಲ್ಲ ಸೇರಿಸಿ ನೋಡಿ. ‘ಹೋದ-ಇಲ್ಲ’ ಅಂತ ಯಾರಾದರೂ ಅಂತಾರೆಯೇ? ‘ಹೋಗಲಿಲ್ಲ’ ಅಂತೇವೆ. ಅಂದರೆ ‘ಇಲ್ಲ’ ಬಂದ ಕೂಡಲೇ ‘ಹೋದ’ ತನ್ನ ನಿನ್ನೆಯ ಅಂಗಿ ಬಿಚ್ಚಿಟ್ಟು ಮತ್ತೆ ‘ಹೋಗು’ ಆಗುತ್ತದೆ. ಇಂಗ್ಲಿಷಿನಲ್ಲೂ ಹಾಗೇ. ‘ವೆಂಟ್’ ಇದ್ದದ್ದು ‘ಡಿಡ್ ನಾಟ್’ ಬಂದ ಕೂಡಲೇ ‘ಗೋ’ ಆಗುತ್ತದೆ. ನಿನ್ನೆಯ ಅಂಗಿಯನ್ನು ‘ಡಿಡ್’ ತೊಟ್ಟುಕೊಂಡಿದೆ, ಎರಡು ಅಂಗಿ ಬೇಕಿಲ್ಲ. ತಿಂದ–ತಿನ್ನಲಿಲ್ಲ, ಏಟ್–ಡಿಡ್ ನಾಟ್ ಈಟ್. ಬಂದ–ಬರಲಿಲ್ಲ, ಕೇಮ್–ಡಿಡ್ ನಾಟ್ ಕಮ್. ಅವತ್ತು ಆ ಮೇಲಧಿಕಾರಿ ಕೆಂಪು ಸುತ್ತಿನ ಬದಲು ಇದೊಂದು ಮಾತು ಹೇಳಿದ್ದರೆ ಎರಡು ಹೊಟ್ಟೆನೋವು ತಪ್ಪುತ್ತಿದ್ದವು.

ಇದಕ್ಕೆ ಒಳ್ಳೆಯ ಆಟ ‘ಒಂದು ಸುಳ್ಳು’. ಒಂದು ಮಗು ನಿನ್ನೆ ಮಾಡಿದ್ದು ಅಂತ ಮೂರು ಮಾತು ಹೇಳಬೇಕು, ಎರಡು ಖರೆ, ಒಂದು ಸುಳ್ಳು. ಉಳಿದವರು ‘ಡಿಡ್ ಯೂ ಈಟ್...?’, ‘ಡಿಡ್ ಯೂ ಗೋ...?’ ಅಂತ ಪ್ರಶ್ನೆ ಹಾಕಿ ಸುಳ್ಳು ಹಿಡಿಯಬೇಕು. ಕಿರ್ದಿಯಲ್ಲಿ ಸುಳ್ಳು ಬರೆಯಬಾರದು ಅಂದಿದ್ದೆನಲ್ಲ, ಆ ಹಸಿವನ್ನೆಲ್ಲ ಮಕ್ಕಳು ಇಲ್ಲಿ ತೀರಿಸಿಕೊಳ್ಳುತ್ತಾರೆ.

ಬೀದರಿನ ಮಕ್ಕಳಿಗೆ ಒಂದು ಅನುಕೂಲ, ಊರೇ ಭೂತಕಾಲ. ಮೊಮ್ಮಕ್ಕಳಿಬ್ಬರನ್ನೂ ಒಂದು ಭಾನುವಾರ ಮಹಮೂದ್ ಗವಾನರ ಮದರಸಾ ಮುಂದೆ ಕೂರಿಸಿ, ಕಣ್ಣಿಗೆ ಕಂಡದ್ದರಿಂದ ಆರು ಸಾಲು ಬರೆಯಿರಿ ಅಂದೆ. ಗವಾನರು ಪರ್ಷಿಯಾದಿಂದ ಬಂದರು, ಕೇಮ್. 1472ರಲ್ಲಿ ಇದನ್ನು ಕಟ್ಟಿ ಮುಗಿಸಿದರು, ಬಿಲ್ಟ್. ಪಂಡಿತರು ಇಲ್ಲಿ ಕಲಿಸಿದರು, ಟಾಟ್. ಹದಿನೇಳನೇ ಶತಮಾನದ ಕೊನೆಗೆ ಮದ್ದು ಸಿಡಿದು ಒಂದು ಮಿನಾರು ಬಿತ್ತು, ಫೆಲ್. ಇನ್ನೊಂದು ಉಳಿಯಿತು, ಸ್ಟುಡ್. ಐದರಲ್ಲಿ ಐದೂ ಸೊಟ್ಟ! ಆರನೆಯದು ಮೊಮ್ಮಗಳದು: ‘ಎ ಪ್ಯಾರಟ್ ಲುಕ್ಟ್ ಅಟ್ ಮಿ.’ ಗಂಟಲು ಮುಟ್ಟಿ ನೋಡಿಕೊಂಡೇ ಬರೆದಳು. ಅಣ್ಣ ಇಣುಕಿ ನೋಡಿದ, ನಗಲಿಲ್ಲ.

ಈಗ ಅಜ್ಜ-ಅಜ್ಜಿಯರ ಪಾಲು. ಇಂಗ್ಲಿಷ್ ಬರುವುದಿಲ್ಲ ಅಂತ ಹಿಂದೆ ಸರಿಯಬೇಡಿ. ಇಂಗ್ಲಿಷ್ ಮೊಮ್ಮಕ್ಕಳ ಹತ್ತಿರ ಇದೆ, ನಿನ್ನೆ ನಿಮ್ಮ ಹತ್ತಿರ ಇದೆ. ಭಾಲ್ಕಿಯ ತರಗತಿಯಲ್ಲಿ ಮಗಳು ಮಕ್ಕಳಿಗೆ ಒಂದು ಮನೆಗೆಲಸ ಕೊಟ್ಟಳು: ಮನೆಯ ಹಿರಿಯರನ್ನು ಕನ್ನಡದಲ್ಲೋ ಮರಾಠಿಯಲ್ಲೋ ಉರ್ದುವಿನಲ್ಲೋ ಅವರ ಚಿಕ್ಕಂದಿನ ಒಂದು ದಿನದ ಬಗ್ಗೆ ಕೇಳಿ, ಇಂಗ್ಲಿಷಿನಲ್ಲಿ ಏಳು ಸಾಲು ಬರೆದು ತನ್ನಿ. ಒಬ್ಬ ಹುಡುಗಿ ತಂದ ಕಾಗದವನ್ನು ನಾನು ಎರಡು ಸಲ ಓದಿದೆ. ಅವಳ ಆಯಿ 1972ರ ಬರದಲ್ಲಿ ರಸ್ತೆ ಕೆಲಸಕ್ಕೆ ಹೋದವರು. ನಮ್ಮ ಅಜ್ಜಿ ಕಲ್ಲು ಒಡೆದಳು, ಬ್ರೋಕ್. ಬುಟ್ಟಿಯಲ್ಲಿ ಹೊತ್ತಳು. ಮನೆಗೆ ಕೆಂಪು ಜೋಳ ತಂದಳು, ಬ್ರಾಟ್. ಅಜ್ಜ ಎತ್ತು ಮಾರಿದ, ಸೋಲ್ಡ್. ಅಜ್ಜಿ ಅತ್ತಳು. ಎತ್ತು ಒಂದು ಸಲ ತಾನೇ ದಾರಿ ಹಿಡಿದು ಮನೆಗೆ ವಾಪಸ್ ಬಂತು, ಕೇಮ್ ಬ್ಯಾಕ್. ಏಳನೇ ಸಾಲು ಖಾಲಿ ಇತ್ತು. ಯಾಕೆ ಅಂದರೆ, ‘ಆಯಿ ಅಲ್ಲಿಗಿ ಹೇಳೋದು ನಿಲ್ಲಿಸಿದಳ್ರಿ’ ಅಂದಳು.

ಇನ್ನೊಂದು ಸಂಗತಿ ಹೇಳಿ ಮುಗಿಸುತ್ತೇನೆ. ಅದು ನನ್ನ ಹುಟ್ಟೂರಿನದು, ಔರಾದ ತಾಲೂಕಿನ ಒಂದು ಹಳ್ಳಿ. ಹೊಲದ ಕೆಲಸಕ್ಕೆ ಅಂತ ಹೋದಾಗಲೆಲ್ಲ ನಾನು ಓದಿದ ಶಾಲೆಗೂ ಹೋಗಿ ಬರುತ್ತೇನೆ. ಅಲ್ಲಿ ಅಂಗಳ ದೊಡ್ಡದು. ಅದಕ್ಕೇ ಖೋ-ಖೋ. ಬೆನ್ನು ತಟ್ಟುವವ ‘ಖೋ, ಬ್ರಿಂಗ್!’ ಅಂತ ಕೂಗಬೇಕು. ಕೂತವ ‘ಬ್ರಾಟ್!’ ಅಂತ ಕೂಗಿಯೇ ಎದ್ದು ಓಡಬೇಕು. ಪದ ನೆನಪಾಗುವ ತನಕ ಏಳುವ ಹಾಗಿಲ್ಲ, ಅಷ್ಟರಲ್ಲಿ ಓಡುವವ ದೂರ. ಮೊದಲ ದಿನ ಎಲ್ಲರೂ ಸೋತರು, ಮೂರನೇ ಸಲಕ್ಕೆ ಪದಗಳು ಕಾಲಿಗಿಂತ ಮುಂದೆ ಓಡುತ್ತಿದ್ದವು.

ಅಲ್ಲಿ ಆರನೇ ತರಗತಿಯ ಒಬ್ಬ ಹುಡುಗ. ಖೋ-ಖೋದಲ್ಲಿ ಎಲ್ಲ ಪದಕ್ಕೂ ಠಣ್ ಅಂತ ಉತ್ತರ ಕೊಡುತ್ತಿದ್ದವ, ಕಿರ್ದಿಯಲ್ಲಿ ಮಾತ್ರ ಒಂದು ಸಾಲನ್ನು ಮತ್ತೆ ಮತ್ತೆ ತಪ್ಪು ಬರೆಯುತ್ತಿದ್ದ: ‘ಮೈ ಫಾದರ್ ಗೋ ಹೈದರಾಬಾದ್.’ ನಾನು ನನ್ನ ಪದ್ಧತಿಯ ಪ್ರಕಾರ, ‘ಹೌದಾ, ಯುವರ್ ಫಾದರ್ ವೆಂಟ್ ಟು ಹೈದರಾಬಾದ್?’ ಅಂದೆ. ಸುಮ್ಮನಿದ್ದ. ಮುಂದಿನ ಸಲವೂ ‘ಗೋ’. ಮೂರನೇ ಸಲ ನಾನು ಪೆನ್ನು ತೆಗೆದು ತಿದ್ದಲು ಹೋದೆ. ಹುಡುಗ ಕಾಗದದ ಮೇಲೆ ಅಂಗೈ ಇಟ್ಟ.

‘ವೆಂಟ್ ಅಂದ್ರ ಹೋದ ಅಂತಲ್ರಿ, ಮುತ್ಯಾ?’

‘ಹೌದು.’

‘ಹಂಗ ಬರೆಯಂಗಿಲ್ರಿ. ಅಪ್ಪ ಹೋದ ಅನ್ನಬ್ಯಾಡ ಅಂತಾಳ್ರಿ ಅವ್ವ. ಅಪ್ಪ ಹೋಗ್ಯಾನ್ರಿ. ಬರ್ತಾನ್ರಿ.’

ನನ್ನ ಪೆನ್ನು ಅಲ್ಲೇ ನಿಂತಿತು. ಮನೆಯಿಂದ ಹೊರಡುವಾಗ ‘ಹೋಗ್ತೀನಿ’ ಅನ್ನಬಾರದು, ‘ಹೋಗಿ ಬರ್ತೀನಿ’ ಅನ್ನಬೇಕು ಅಂತ ನನ್ನ ತಾಯಿ ಎಷ್ಟು ಸಲ ಗದರಿದ್ದಳು! ‘ಅವರು ಹೋದರು’ ಅಂದರೆ ನಮ್ಮಲ್ಲಿ ಏನರ್ಥ ಅಂತ ಅಜ್ಜ-ಅಜ್ಜಿಯರಿಗೆ ನಾನು ಬಿಡಿಸಿ ಹೇಳಬೇಕಿಲ್ಲ. ಹುಡುಗನ ತಂದೆ ಹೈದರಾಬಾದಿನಲ್ಲಿ ಕಟ್ಟಡದ ಕೆಲಸಕ್ಕೆ ಹೋಗಿ ನಾಲ್ಕು ತಿಂಗಳಾಗಿತ್ತು, ದೀಪಾವಳಿಗೂ ಬಂದಿರಲಿಲ್ಲ. ಇಂಗ್ಲಿಷಿನ ‘ವೆಂಟ್’ ಪದಕ್ಕೆ ಆ ಅಪಶಕುನ ಇಲ್ಲ, ಆ ಸಾಲು ಇಂಗ್ಲಿಷಿನಲ್ಲಿ ತಪ್ಪೂ ಅಲ್ಲ. ಆದರೆ ಹುಡುಗ ಹುಡುಕುತ್ತಿದ್ದ ಪದ ಬೇರೆಯೇ ಇತ್ತು. ಹೋದ ಅಲ್ಲ, ಹೋಗ್ಯಾನ. ಹೋಗಿದ್ದಾನೆ, ಇನ್ನೂ ಅಲ್ಲೇ ಇದ್ದಾನೆ, ಲೆಕ್ಕ ಮುಗಿದಿಲ್ಲ. ಬ್ಯಾಂಕಿನಲ್ಲಿ ಅಂಥದಕ್ಕೆ ಸಸ್ಪೆನ್ಸ್ ಖಾತೆ ಅಂತ ಇಡುತ್ತೇವೆ. ಇಂಗ್ಲಿಷಿನಲ್ಲಿ ಅದಕ್ಕೆ ‘ಹ್ಯಾಸ್ ಗಾನ್’ ಅನ್ನುತ್ತಾರೆ. ಅದು ನನ್ನ ಪಾಠದಲ್ಲಿ ಇರಲಿಲ್ಲ, ಮೂರು ತಿಂಗಳ ನಂತರಕ್ಕೆ ಇಟ್ಟುಕೊಂಡಿದ್ದೆ. ಅವತ್ತೇ ಹೇಳಿಕೊಟ್ಟೆ. ಅವನೊಬ್ಬನಿಗೆ.

‘ಹ್ಯಾಸ್ ಗಾನ್ ಅಂದ್ರ ಹೋಗ್ಯಾನ?’

‘ಹೋಗ್ಯಾನ.’

ಕಾಗದದ ಮೇಲಿನ ಅಂಗೈ ತೆಗೆದ. ‘ಗೋ’ ಹೊಡೆದುಹಾಕಿ ತಾನೇ ಬರೆದ.

ಹೋದ ವಾರ ಮತ್ತೆ ಹೋಗಿದ್ದೆ. ಅವನ ಕಿರ್ದಿಯ ಎಡಗಡೆ, ಸೋದರಮಾವ ಒಂದು ಟೋಪಿ ಕೊಟ್ಟ ಸುದ್ದಿ, ‘ಗೇವ್’. ಬಲಗಡೆ, ‘ಅವರ್ ಗೋಟ್ ಈಟೆಡ್ ಮೈ ಕ್ಯಾಪ್.’ ‘ಹೌದಾ! ದಿ ಗೋಟ್ ಏಟ್ ಯುವರ್ ಕ್ಯಾಪ್? ಪೂರಾ ಏಟ್?’ ಅಂದೆ. ‘ಅರ್ಧ ಏಟ್ ಮುತ್ಯಾ, ಅರ್ಧ ನಾ ಕಸಗೊಂಡಿನ್ರಿ’ ಅಂದ. ಕೆಳಗೆ, ಎಡಕ್ಕೂ ಅಲ್ಲದೆ ಬಲಕ್ಕೂ ಅಲ್ಲದೆ ನಡುಗೆರೆಯ ಮೇಲೆ, ಹಳೆಯ ಸಾಲು ಹಾಗೇ ಇತ್ತು. ಹ್ಯಾಸ್ ಗಾನ್.